ಈಶಾನ್ಯದ ಇಂಗುಗುಂಡಿ

೨೦೨೨ರಲ್ಲಿ ನಾನು ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ತಾಲ್ಲೂಕುಗಳ ಪೈಕಿ ಒಂದು ಊರಿನ ಸ್ಥಳೀಯ ಆಡಳಿತದಲ್ಲಿ ಜೂನಿಯರ್ ಎಂಜಿನಿಯರ್ ಆಗಿದ್ದೆ. ಯಾವ ಊರು ಎಂದು ಹೇಳುವುದಿಲ್ಲ. ಕಡೂರಿನವರು ತರೀಕೆರೆ ಎಂದುಕೊಳ್ಳಲಿ, ತರೀಕೆರೆಯವರು ಅಜ್ಜಂಪುರ ಎಂದುಕೊಳ್ಳಲಿ; ಎಲ್ಲರಿಗೂ ಸಮಾಧಾನ. ಆ ವರ್ಷದ ಡಿಸೆಂಬರ್ ಕೊನೆಗೆ ನನ್ನ ನಿವೃತ್ತಿ ಇತ್ತು. ಮೂವತ್ತೊಂದು ವರ್ಷದ ನೌಕರಿಯಲ್ಲಿ ರಸ್ತೆ, ಚರಂಡಿ, ಪೈಪ್‌ಲೈನ್ ಎಲ್ಲ ಮಾಡಿಸಿದ್ದೇನೆ. ಆದರೂ ಕೆಲಸದ ಮಾತು ಬಂದಾಗ ನನಗೆ ಮೊದಲು ನೆನಪಾಗುವುದು ಒಂದು ಗುಂಡಿ. ಅದನ್ನು ತಪ್ಪು ಜಾಗದಲ್ಲಿ ತೋಡಿಸಿದವಳು ನಾನೇ.

ನಾನು ಬೆಳೆದದ್ದು ಲಕ್ಕವಳ್ಳಿಯಲ್ಲಿ. ಅಪ್ಪ ಭದ್ರಾ ಅಣೆಕಟ್ಟಿನಲ್ಲಿ ನೌಕರರು. ಕ್ವಾರ್ಟರ್ಸ್‌ನಿಂದ ನಾಲ್ಕು ಹೆಜ್ಜೆ ನಡೆದರೆ ವರ್ಷವಿಡೀ ನೀರು ಕಾಣುತ್ತಿತ್ತು, ಹಾಗಾಗಿ ನೀರು ಮುಗಿದುಹೋಗುವ ಪದಾರ್ಥ ಎಂಬುದೇ ಬಹಳ ಕಾಲ ನನ್ನ ತಲೆಗೆ ಹೋಗಿರಲಿಲ್ಲ. ಒಣಸೀಮೆಯ ಊರಿಗೆ ವರ್ಗವಾಗಿ ಬಂದ ಮೇಲೆ ಹೋಯಿತು. ಅಲ್ಲಿ ನಲ್ಲಿಯಲ್ಲಿ ನೀರು ಬರುತ್ತಿದ್ದದ್ದು ಐದು ದಿನಕ್ಕೊಮ್ಮೆ. ಹೊಸ ಬಡಾವಣೆಗಳ ಪಾರ್ಕಿನ ಹುಲ್ಲಿಗೆ ಮಾತ್ರ ದಿನಕ್ಕೆ ಎರಡು ಹೊತ್ತು. ನಿವೇಶನ ನೋಡಲು ಬಂದವರಿಗೆ ಗೇಟಿನಲ್ಲೇ ಹಸಿರು ಕಾಣಬೇಕು ಎಂಬುದು ಮಾಲೀಕರ ಲೆಕ್ಕಾಚಾರ.

ಅದನ್ನು ನೋಡಿ ನೋಡಿ ಸಾಕಾಗಿ, ೨೦೨೧ರಲ್ಲಿ ಒಂದು ನಿಯಮದ ಕರಡು ಬರೆದು ಸಭೆಯ ಮುಂದಿಟ್ಟೆ. ಹೊಸ ಬಡಾವಣೆಯ ಪಾರ್ಕಿನಲ್ಲಿ ಹುಲ್ಲುಹಾಸು ಕಾಲುಭಾಗ ಮೀರಬಾರದು. ಉಳಿದ ಜಾಗದಲ್ಲಿ ಹೊಂಗೆ, ನೇರಳೆ, ಬೇವಿನಂಥ, ನಮ್ಮ ಬಿಸಿಲಿಗೆ ಒಗ್ಗಿದ ಮರಗಳೇ ಇರಬೇಕು. ಗಿಡಗಳಿಗೆ ಕುಡಿಯುವ ನೀರು ಬಿಡಕೂಡದು. ಬಡಾವಣೆಯ ಮೇಲೆ ಬಿದ್ದ ಮಳೆನೀರು ಅಲ್ಲೇ ಇಂಗಲು ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಎಂಟು ಅಡಿ ಆಳದ ಇಂಗುಗುಂಡಿ ಬೇಕು. ಇಂಗುಗುಂಡಿ ಎಂದರೆ ತಳಕ್ಕೆ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಎಲ್ಲಕ್ಕಿಂತ ಮೇಲೆ ಮರಳು ತುಂಬಿದ ಗುಂಡಿ; ಹರಿದು ಬಂದ ನೀರು ಸೋಸಿಕೊಂಡು ನೆಲಕ್ಕಿಳಿಯುತ್ತದೆ. ಇಷ್ಟೂ ಆಗಿದೆ ಎಂದು ನಾನು ಸ್ಥಳ ನೋಡಿ ಷರಾ ಬರೆದ ನಂತರ, ಅದರ ಮೇಲೆ ಮುಖ್ಯಾಧಿಕಾರಿಗಳು ಆದೇಶ ಮಾಡಿದರೆ ಮಾತ್ರ, ಅಲ್ಲಿಯವರೆಗೆ ಮಾರದಂತೆ ತಡೆಹಿಡಿದ ಅರ್ಧದಷ್ಟು ನಿವೇಶನಗಳು ಮಾಲೀಕರಿಗೆ ಬಿಡುಗಡೆ. ಸಭೆಯಲ್ಲಿ ಯಾರೂ ತಕರಾರು ತೆಗೆಯಲಿಲ್ಲ. ಎಲ್ಲರಿಗೂ ತಿಳಿಯಲಿ ಎಂದು ಕೊನೆಯಲ್ಲಿ ಒಂದು ಮಾದರಿ ನಕ್ಷೆಯನ್ನು ನಾನೇ ಕೈಯಾರೆ ಬರೆದು ಲಗತ್ತಿಸಿದ್ದೆ. ಆ ನಕ್ಷೆಯ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಒಂದು ವರ್ಷದೊಳಗೆ ಆರು ಬಡಾವಣೆಗಳು ಈ ನಿಯಮದಡಿ ಬಂದವು. ಐದಕ್ಕೆ ಮಂಜೂರಾತಿ ಸಿಕ್ಕಿತು. ಆರನೆಯದು ರುದ್ರಪ್ಪನವರದು. ಮೊದಲು ಗುತ್ತಿಗೆ ಕೆಲಸ ಮಾಡುತ್ತಿದ್ದವರು, ಊರಾಚೆಯ ನಾಲ್ಕು ಎಕರೆ ರಾಗಿ ಹೊಲ ಕೊಂಡು ನಿವೇಶನ ಮಾಡಿದ್ದರು. ನಿಯಮ ತಪ್ಪಿಸಲು ದಾರಿ ಹುಡುಕುವವರನ್ನೇ ನೋಡಿ ಅಭ್ಯಾಸವಾಗಿದ್ದ ನನಗೆ ಇವರನ್ನು ಕಂಡು ಆಶ್ಚರ್ಯವಾಗಿತ್ತು. ನನ್ನ ಮಾದರಿ ನಕ್ಷೆಯ ಜೆರಾಕ್ಸ್ ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದ ಏಕೈಕ ಮಾಲೀಕ ಅವರು.

ಫೆಬ್ರವರಿಯಲ್ಲಿ ಪರಿಶೀಲನೆಗೆ ಹೋದೆ. ಹುಲ್ಲು ಕಾಲುಭಾಗಕ್ಕಿಂತ ಕಡಿಮೆಯೇ ಇತ್ತು. ಹೊಂಗೆ, ನೇರಳೆ ಸಸಿಗಳು ಸಾಲಾಗಿ ನಿಂತಿದ್ದವು. ಗುಂಡಿಯ ಸುತ್ತ ಗ್ರಾನೈಟ್ ಕಟ್ಟೆ. ಪೂಜೆ ಮಾಡಿಸಿದ ಅರಿಶಿನ ಕುಂಕುಮ ಇನ್ನೂ ಮಾಸಿರಲಿಲ್ಲ. ಟೇಪ್ ಹಿಡಿದೆ. ಅಗಲ ಒಂದು ಇಂಚು ಜಾಸ್ತಿಯೇ ಇತ್ತು. ನಕ್ಕು, ಎಲ್ಲ ಸರಿಯಿದೆ ಎಂದು ಷರಾ ಬರೆದು ಫೈಲನ್ನು ಮುಖ್ಯಾಧಿಕಾರಿಗಳಿಗೆ ಕಳಿಸಿದೆ.

ಅವರ ಆದೇಶ ಆಗುವ ಮೊದಲೇ ಒಂದು ಅರ್ಜಿ ಬಂತು. ಕೊಟ್ಟವರು ಖಲೀಲ್ ಸಾಬರು. ರುದ್ರಪ್ಪನವರ ಬಡಾವಣೆಯ ಕಾಂಪೌಂಡ್ ಗೋಡೆಗೆ ತಾಗಿದಂತೆ ಅವರ ನರ್ಸರಿ. ಮೂರು ತಲೆಮಾರಿನಿಂದ ಸಸಿ ಬೆಳೆಸಿ ಮಾರುವ ಮನೆತನ. ತಮಾಷೆಯೆಂದರೆ, ಆ ಪಾರ್ಕಿಗೆ ಹೊಂಗೆ ನೇರಳೆ ಕೊಟ್ಟವರೂ ಅವರೇ. ಅರವತ್ತು ದಾಟಿದ ವಯಸ್ಸು, ಎದುರು ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಮೇಡಮ್ನೋರೆ, ನಮ್ ಬಾವಿ ಉಗಾದಿಗೆ ಮುಂಚೆ ಯಾವತ್ತೂ ತಳ ತೋರ್ಸಿಲ್ಲ. ಈ ಸಲ ಸಂಕ್ರಾಂತಿಗೇ ಬತ್ತೋಯ್ತು. ಗಿಡ ಮಾರೋನು ಗಿಡ ಒಣಗಿಸ್ಕೊಂಡು ಕೂತ್ರೆ ಯಾರ್ ಬತ್ತಾರೆ ನನ್ ಹತ್ರ?”

ಹೋಗಿ ನೋಡಿದೆ. ಇಪ್ಪತ್ತೆರಡು ಮೆಟ್ಟಿಲಿನ ಕಲ್ಲು ಕಟ್ಟಡದ ಬಾವಿ. ತಳದ ಮಣ್ಣು ಬಿರುಕು ಬಿಟ್ಟಿತ್ತು. ಟ್ಯಾಂಕರ್ ನೀರನ್ನು ಡ್ರಮ್ಮಿನಲ್ಲಿ ತುಂಬಿಟ್ಟು ಸಾಬರ ಸೊಸೆ ಚೊಂಬಿನಲ್ಲಿ ಒಂದೊಂದೇ ಸಸಿಯ ಬುಡಕ್ಕೆ ಹಾಕುತ್ತಿದ್ದಳು. ಹೀಗೆಯೇ ಇನ್ನೊಂದು ಬೇಸಿಗೆ ಕಳೆಯಬೇಕಾದರೆ ನರ್ಸರಿ ಮುಚ್ಚುವುದೇ ಎಂದು ಸಾಬರು ಹೇಳಿದರು. ಅವರ ದನಿಯಲ್ಲಿ ದೂರು ಇರಲಿಲ್ಲ. ಅದೇ ನನಗೆ ಕಷ್ಟವಾಯಿತು.

ನನ್ನ ಅನುಮಾನ ಹೋದದ್ದು ಪಾರ್ಕಿನ ಹುಲ್ಲಿಗೆ ನೀರೆತ್ತುತ್ತಿದ್ದ ಬೋರ್‌ವೆಲ್ ಮೇಲೆ. ಅದನ್ನು ಎರಡು ವಾರ ನಿಲ್ಲಿಸಿ ನೋಡೋಣ ಎಂದೆ. ರುದ್ರಪ್ಪ ಗೊಣಗಿಕೊಂಡೇ ಒಪ್ಪಿದರು. ಹುಲ್ಲು ಹಳದಿಯಾಯಿತೇ ಹೊರತು ಬಾವಿಗೆ ಒಂದು ಹನಿ ಬರಲಿಲ್ಲ. ಮುಖ್ಯಾಧಿಕಾರಿಗಳು ಇನ್ನೂ ಚಿಕ್ಕ ವಯಸ್ಸಿನ, ಒಳ್ಳೆಯ ಮನುಷ್ಯ. ನಿಯಮ ಪಾಲನೆಯಾಗಿದೆಯಲ್ಲ, ಕ್ರಮ ಬೇಕಿಲ್ಲ ಎಂದು ಅರ್ಜಿಗೆ ಹಿಂಬರಹ ಕೊಟ್ಟು ಫೈಲ್ ಮುಗಿಸಿಬಿಡಿ ಎಂದರು. ಹಿಂಬರಹ ಟೈಪ್ ಮಾಡಿಸಿಕೊಂಡು ನಾನೇ ಕೊಡಲು ಹೋದೆ. ಸಾಬರು ಓದಿ ಮಡಿಸಿ ಜೇಬಿಗಿಟ್ಟುಕೊಂಡರು.

“ನಿಮ್ ಟೇಪು ಒಂದಿನ ಮನೇಲಿಡಿ ಮೇಡಮ್ನೋರೆ. ಮಳೆ ಬಿದ್ದಾಗ ಒಂದ್ಸಲ ಬನ್ನಿ. ಆಮೇಲೆ ನೀವೇನ್ ಹೇಳಿದ್ರೂ ಸರಿ.”

ಫೈಲನ್ನು ಮಳೆ ಬರುವವರೆಗೆ ನನ್ನ ಮೇಜಿನಲ್ಲೇ ಇಟ್ಟುಕೊಂಡೆ. ಮೇ ಮೊದಲ ವಾರ ಭರಣಿ ಮಳೆ ಬಂತು. ಮಧ್ಯಾಹ್ನ ಮೂರೂವರೆಗೆ ಆಫೀಸಿನ ಕಿಟಕಿ ಬಡಿಯತೊಡಗಿದಾಗ ಸ್ಕೂಟರ್ ತೆಗೆದೆ. ಛತ್ರಿ ಹಿಡಿದು ಆ ಗ್ರಾನೈಟ್ ಕಟ್ಟೆಯ ಪಕ್ಕ ಅರ್ಧ ಗಂಟೆ ನಿಂತೆ. ನಾಲ್ಕು ಎಕರೆಯ ಮೇಲೆ ಮಳೆ ಸುರಿಯುತ್ತಿತ್ತು. ನನ್ನ ಗುಂಡಿಗೆ ಬಿದ್ದದ್ದು ಮಾತ್ರ ನೇರ ಆಕಾಶದಿಂದ ಅದರ ಬಾಯಿಗೆ ಬಿದ್ದಷ್ಟೇ ನೀರು. ಯಾವ ಕಡೆಯಿಂದಲೂ ಒಂದು ಎಳೆ ಹರಿದು ಬರಲಿಲ್ಲ.

ಉಳಿದ ನೀರು ಎಲ್ಲಿಗೆ ಹೋಗುತ್ತಿದೆ ಎಂದು ಚರಂಡಿಯ ಜೊತೆಗೇ ನಡೆದೆ. ಸಿಮೆಂಟ್ ಚರಂಡಿಯಲ್ಲಿ ಅದು ನನಗಿಂತ ಜೋರಾಗಿ ಹೋಗುತ್ತಿತ್ತು. ಎದುರು ಮೂಲೆಯಲ್ಲಿ, ಅಂದರೆ ಬಡಾವಣೆಯ ನೈರುತ್ಯದಲ್ಲಿ, ಗೋಡೆಯ ಕಿಂಡಿಯಿಂದ ಹೊರಬಿದ್ದು ರಸ್ತೆಯ ದೊಡ್ಡ ಚರಂಡಿ ಸೇರಿ ಊರಾಚೆ ಹೋಗುತ್ತಿತ್ತು. ಸಾಬರ ಬಾವಿ ಅಲ್ಲಿಂದ ಐವತ್ತು ಅಡಿ. ಗೋಡೆಯಾಚೆ ಅವರು ಗೋಣಿ ಕೊಪ್ಪೆ ಹಾಕಿಕೊಂಡು ನಿಂತಿದ್ದರು. ಮೊದಲು ಅಲ್ಲಿ ರಾಗಿ ಹೊಲವಿದ್ದಾಗ ಬದುಗಳು ನೀರನ್ನು ತಡೆದು ನಿಲ್ಲಿಸುತ್ತಿದ್ದವು, ಅದು ನಿಧಾನಕ್ಕೆ ಇಂಗಿ ಬಾವಿಗೆ ಬರುತ್ತಿತ್ತು ಎಂದು ವಿವರಿಸಿದರು.

“ನೀರಿಗೆ ದಿಕ್ಕು ಗೊತ್ತಿಲ್ಲ ಮೇಡಮ್ನೋರೆ, ತಗ್ಗು ಗೊತ್ತು,” ಎಂದರು.

ನೆನೆದ ಸೀರೆಯಲ್ಲೇ ಆಫೀಸಿಗೆ ಹೋಗಿ ಆರೂ ಫೈಲುಗಳನ್ನು ಮೇಜಿನ ಮೇಲೆ ಹರಡಿದೆ. ಆರು ಜಾಗ, ಆರು ಇಳಿಜಾರು, ಒಂದೂ ಈಶಾನ್ಯಕ್ಕೆ ಇಳಿಯುವುದಲ್ಲ. ಆರರಲ್ಲೂ ಗುಂಡಿ ಮಾತ್ರ ಈಶಾನ್ಯದಲ್ಲಿ. ನಮ್ಮ ಕಡೆ ಮನೆ ಕಟ್ಟುವವರು ಬಾವಿಯಾಗಲಿ, ಸಂಪ್ ಆಗಲಿ, ನೀರೆಂದರೆ ಈಶಾನ್ಯ ಮೂಲೆ ಎನ್ನುತ್ತಾರೆ. ವಾಸ್ತು ನಂಬುವವರೂ ಹಾಗೆ ಮಾಡುತ್ತಾರೆ, ನಂಬದವರೂ ಯಾಕೆ ಬೇಕು ತಂಟೆ ಎಂದು ಹಾಗೆಯೇ ಮಾಡುತ್ತಾರೆ. ಜನರನ್ನು ಬೈಯಲು ಬಾಯಿ ತೆರೆಯುವ ಮೊದಲು ನನ್ನ ಮಾದರಿ ನಕ್ಷೆ ತೆಗೆದು ನೋಡಿದೆ. ಅದರಲ್ಲಿ ಇಳಿಜಾರಿನ ಗುರುತೇ ಇರಲಿಲ್ಲ. ಗುಂಡಿಯನ್ನು ಬಲಗಡೆಯ ಮೇಲಿನ ಮೂಲೆಯಲ್ಲಿ, ಈಶಾನ್ಯದಲ್ಲಿ, ಅಂದವಾಗಿ ಬರೆದಿದ್ದೆ. ಯೋಚಿಸಿ ಬರೆದದ್ದಲ್ಲ, ಕೈ ತಾನಾಗಿ ಅಲ್ಲಿಗೆ ಹೋಗಿತ್ತು. ನಮ್ಮ ಮನೆಯ ಸಂಪ್ ಇರುವುದೂ ಅಲ್ಲೇ. ನಿಯಮದಲ್ಲಿ ಗುಂಡಿಯ ಉದ್ದ, ಅಗಲ, ಆಳ ಎಲ್ಲ ಹೇಳಿದ್ದೆ, ತಗ್ಗಿನಲ್ಲಿರಬೇಕು ಎಂಬ ಒಂದು ಮಾತು ಬಿಟ್ಟು. ತೋಡಿದ ಗುಂಡಿಗೆ ತಾನೇ ಬೀಳುವುದು ಎಂಬ ಗಾದೆಯನ್ನು ನನ್ನಷ್ಟು ಅಳತೆ ಹಿಡಿದು ಪಾಲಿಸಿದವರು ಕಡಿಮೆ. ಆ ಸಂಜೆ ನನಗೆ ನಿಜಕ್ಕೂ ನಾಚಿಕೆಯಾಯಿತು.

ಮರುದಿನ ರುದ್ರಪ್ಪನವರನ್ನು ಆ ನೈರುತ್ಯ ಮೂಲೆಗೆ ಕರೆಸಿದೆ. ಖಲೀಲ್ ಸಾಬರು ಗೋಡೆಯಾಚೆ ತಮ್ಮ ಜಾಗದಲ್ಲಿ ನಿಂತಿದ್ದರು. ಇನ್ನೊಂದು ಗುಂಡಿಯನ್ನು ಇಲ್ಲಿ ತೋಡಬೇಕು, ಅಲ್ಲಿಯವರೆಗೆ ನನ್ನ ಷರಾವನ್ನು ಹಿಂತೆಗೆದುಕೊಳ್ಳುತ್ತೇನೆ ಎಂದು ಹೇಳಿದೆ. ರುದ್ರಪ್ಪ ಜೇಬಿನಿಂದ ಆ ಪ್ಲಾಸ್ಟಿಕ್ ಕವರ್ ತೆಗೆದರು.

“ರೂಲು ನಿಮ್ದು, ಡ್ರಾಯಿಂಗ್ ನಿಮ್ದು, ಸೈನೂ ನಿಮ್ದೇ ಮೇಡಂ. ನಾನ್ ಎಲ್ ತಪ್ಪಿದೀನಿ ಹೇಳಿ.”

ತಪ್ಪು ನನ್ನದೇ ಎಂದು ಒಪ್ಪಿಕೊಂಡೆ. ಅವರು ಸ್ವಲ್ಪ ತಣ್ಣಗಾದರು, ಆದರೆ ಗುಂಡಿಗೆ ಒಪ್ಪಲಿಲ್ಲ. ನೈರುತ್ಯದಲ್ಲಿ ಭಾರ ಇರಬೇಕು, ಎತ್ತರ ಇರಬೇಕು. ಅಲ್ಲಿ ಗುಂಡಿ ತೆಗೆದರೆ ಮನೆಯ ಯಜಮಾನನಿಗೇ ಕೇಡು ಎಂದು ಜನ ನಂಬುತ್ತಾರೆ. ಆ ಸಾಲಿನ ನಿವೇಶನಗಳನ್ನು ಕೊಂಡವರು ಆಗಲೇ ಇದ್ದರು. ನಾಳೆ ಅವರ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೂ ತಮ್ಮ ಬಾಗಿಲಿಗೇ ಬರುತ್ತಾರೆ ಎಂದರು. ಅವರ ಭಯ ನಾಟಕವಾಗಿರಲಿಲ್ಲ. ನಾನು ಇಳಿಜಾರಿನ ಲೆಕ್ಕ ಹೇಳಿದೆ, ಅವರು ಆಗದು ಎಂದು ತಲೆಯಾಡಿಸಿದರು.

ಖಲೀಲ್ ಸಾಬರು ಗೋಡೆಯ ಮೇಲೆ ಕೈಯಿಟ್ಟು ಕೇಳಿದರು: “ರುದ್ರಪ್ಪನೋರೆ, ಈ ಮೂಲೆ ನಿಮ್ಗೆ ನೈರುತ್ಯ. ಗೋಡೆ ಈಚೆ ನಮ್ ಜಾಗಕ್ಕೆ ಇದು ಯಾವ್ ಮೂಲೆ?”

ರುದ್ರಪ್ಪ ಒಮ್ಮೆ ಸೂರ್ಯನ ಕಡೆ, ಒಮ್ಮೆ ಗೋಡೆಯ ಕಡೆ ನೋಡಿದರು. “ಈಶಾನ್ಯ,” ಎಂದರು.

“ಹಂಗಾದ್ರೆ ಈಚೆ ತೋಡಿ. ನಮ್ಗೆ ಯಾವ್ ಮೂಲೆ ಆದ್ರೂ ಒಂದೇ, ನಿಮ್ ಜನಕ್ಕೂ ಸಮಾಧಾನ.”

ರುದ್ರಪ್ಪ ನಕ್ಕುಬಿಟ್ಟರು. ಮೂವತ್ತೊಂದು ವರ್ಷ ನಕ್ಷೆ ನೋಡಿದ ನನಗೆ ಹೊಳೆಯದ್ದು ಕರಿಬೇವಿನ ಸಸಿ ಮಾರುವವರಿಗೆ ಹೊಳೆದಿತ್ತು. ಗುಂಡಿಗಾಗಿ ಸಾಬರು ಬಿಟ್ಟುಕೊಡಬೇಕಾದದ್ದು ಕಡಿಮೆಯೇನಲ್ಲ. ಆ ಮೂಲೆಯಲ್ಲಿ ಅವರ ಮೂರು ಸಾಲು ಸಸಿಮಡಿಗಳಿದ್ದವು. ಎರಡು ದಿನದಲ್ಲಿ ಎಲ್ಲವನ್ನೂ ಬೇರೆಡೆ ಸಾಗಿಸಿದರು. ತೋಡಿಸುವ ಖರ್ಚು ರುದ್ರಪ್ಪನವರದು. ಕಿಂಡಿಯ ಹತ್ತಿರ ಮೊದಲು ಒಂದು ಸಣ್ಣ ತೊಟ್ಟಿ, ಅದರಲ್ಲಿ ಹೂಳು ಕೂತ ಮೇಲೆ ತಿಳಿನೀರು ಪೈಪಿನಲ್ಲಿ ಗುಂಡಿಗೆ. ಮುಗಿದ ದಿನ ರುದ್ರಪ್ಪನವರ ಮನೆಯವರು ಬಂದು ಅರಿಶಿನ ಕುಂಕುಮ ಹಾಕಿ ಕಾಯಿ ಒಡೆದರು. ಸಾಬರ ಸೊಸೆ ಎಲ್ಲರಿಗೂ ಚಹಾ ಕೊಟ್ಟಳು.

ಕಾಗದದ ಕೆಲಸ ಅಷ್ಟು ಸಲೀಸಾಗಲಿಲ್ಲ. ಗುಂಡಿ ಬಡಾವಣೆಯ ಒಳಗಿರಬೇಕು ಎಂದು ನನ್ನದೇ ನಿಯಮ ಹೇಳುತ್ತಿತ್ತು. ಹೊರಗೆ ತೋಡಿಸಿದ್ದಕ್ಕೆ ಕಾರಣ ಬರೆಯಬೇಕಿತ್ತು, ಕಾರಣ ಬರೆದರೆ ಮೊದಲಿನ ತಪ್ಪು ಕಡತಕ್ಕೆ ಬರುತ್ತಿತ್ತು. ಇನ್ನು ಏಳು ತಿಂಗಳಲ್ಲಿ ನಿವೃತ್ತಿ, ಯಾಕೆ ಮೈಮೇಲೆ ಎಳೆದುಕೊಳ್ಳುತ್ತೀರಿ ಎಂದು ಮುಖ್ಯಾಧಿಕಾರಿಗಳು ಕೇಳಿದರು. ನನಗೂ ಭಯವಿತ್ತು. ಆದರೂ ಬರೆದೆ: ಇಳಿಜಾರನ್ನು ಗಮನಿಸದೆ ಮಾದರಿ ನಕ್ಷೆ ತಯಾರಿಸಿದ್ದು ನನ್ನ ಲೋಪ. ಕಾರಣ ಕೇಳಿ ನೋಟಿಸ್ ಬಂತು. ಎರಡು ಸಾಲಿನ ಉತ್ತರ ಕೊಟ್ಟೆ, ಒಂದು ಎಚ್ಚರಿಕೆಯಲ್ಲಿ ಮುಗಿಯಿತು. ನಿಯಮಕ್ಕೆ ಎರಡು ಸಾಲು ಸೇರಿಸಿದೆವು. ಗುಂಡಿ ಬಡಾವಣೆಯ ಅತಿ ತಗ್ಗಿನ ಜಾಗದಲ್ಲಿ ಅಥವಾ ಅದಕ್ಕೆ ತಾಗಿದ ಜಮೀನಿನಲ್ಲಿ ಆ ಜಮೀನಿನವರ ಒಪ್ಪಿಗೆಯಿಂದ ಇರಬೇಕು. ಅಂತಿಮ ಪರಿಶೀಲನೆ ಮಳೆ ಬರುವಾಗಲೇ ಆಗಬೇಕು. ಮಂಜೂರಾದ ಐದು ಬಡಾವಣೆಗಳ ಫೈಲನ್ನು ಮತ್ತೆ ತೆರೆಯಲು ನನಗೆ ಅಧಿಕಾರವಿರಲಿಲ್ಲ. ಅನುಮತಿ ಕೇಳಿ ಮೇಲಿನವರಿಗೆ ಬರೆದ ಪತ್ರಕ್ಕೆ ನಾನು ನಿವೃತ್ತಳಾಗುವವರೆಗೆ ಉತ್ತರ ಬರಲಿಲ್ಲ. ಆ ಐದು ಗುಂಡಿಗಳು ಈಗಲೂ ಈಶಾನ್ಯದಲ್ಲಿ, ಗ್ರಾನೈಟ್ ಕಟ್ಟೆಯೊಳಗೆ, ಅಳತೆಗೆ ಸರಿಯಾಗಿ ಒಣಗಿಕೊಂಡಿವೆ.

೨೦೨೩ರ ಫೆಬ್ರವರಿಯಲ್ಲಿ ಒಂದು ಕರಿಬೇವಿನ ಗಿಡ ಕೊಳ್ಳುವ ನೆಪ ಮಾಡಿಕೊಂಡು ನರ್ಸರಿಗೆ ಹೋದೆ. ಖಲೀಲ್ ಸಾಬರು ನನ್ನ ಕೈಚೀಲದ ಕಡೆ ನೋಡಿ, ಟೇಪ್ ತಂದಿದ್ದೀರಾ ಎಂದು ಕೇಳಿದರು. ಇಲ್ಲ ಎಂದೆ.

“ಒಳ್ಳೇದಾಯ್ತು. ಹಂಗೇ ಇಳ್ದು ನೋಡ್ಬನ್ನಿ.”

ಚಪ್ಪಲಿ ಬಿಟ್ಟು, ಎಣಿಸುತ್ತ ಬಾವಿಯ ಮೆಟ್ಟಿಲಿಳಿದೆ. ಹಿಂದಿನ ವರ್ಷ ಅದೇ ಹೊತ್ತಿಗೆ ಇಪ್ಪತ್ತೆರಡೂ ಮೆಟ್ಟಿಲು ಒಣಗಿದ್ದವು. ಈಗ ಹದಿನಾಲ್ಕನೆಯದಕ್ಕೆ ಕಾಲು ನೆನೆಯಿತು. ಬಹಳ ಸಂತೋಷವಾಯಿತು, ಆ ಐದು ಗುಂಡಿಗಳು ನೆನಪಾಗಿ ಸಂಕಟವೂ ಆಯಿತು. ನನ್ನ ಇಡೀ ನೌಕರಿಯಲ್ಲಿ ನೀರಿನ ಕೆಲಸಗಳನ್ನೆಲ್ಲ ನಾನು ಪರಿಶೀಲಿಸಿದ್ದು ಬಿಸಿಲಿನಲ್ಲಿ, ಕೈಯಲ್ಲಿ ಟೇಪ್ ಹಿಡಿದು. ಮಳೆಯಲ್ಲಿ ಬರಿಗೈಯಲ್ಲಿ ನಿಂತು ನೋಡಬೇಕು ಎಂದು ಕಲಿಸಿದವರು ಗೋಡೆಯಾಚೆ ನಿಂತಿದ್ದರು, ಮತ್ತು ಅವರ ಅರ್ಜಿಗೆ ನಾನು ಹಿಂಬರಹ ಟೈಪ್ ಮಾಡಿಸಿದ್ದೆ.