ಮುಚ್ಚಳ ಎತ್ತುವ ಜೇನುಮಾವ

ಜೇನು ಸಾಕುವ ಕಡೆಯಲ್ಲೆಲ್ಲ ಇಂಥವನೊಬ್ಬ ಇದ್ದೇ ಇರುತ್ತಾನೆ. ನಮ್ಮ ಬೀದಿಯಲ್ಲಿ ಅವನಿಗೆ ಜೇನುಮಾವ ಅಂತ ಹೆಸರು. ಗಂಟಲೋ, ಧರಣಿಗೆ ಮೈಕು ಬೇಡ ಅನ್ನುವಂಥದ್ದು. ಜೇನುಪೆಟ್ಟಿಗೆಯಲ್ಲಿ ಮೊಟ್ಟೆ ಕಾಣುತ್ತಿಲ್ಲ, ರಾಣಿ ಸತ್ತಿರಬೇಕು ಎಂದು ಯಾರಾದರೂ ಓಡಿ ಬಂದರೆ ಮೊದಲು ಬೈಗುಳ, ಆಮೇಲೆ ಚಹಾ. "ಲೋ, ಹೊಸ ರಾಣಿ ಇರಬಹುದು ಕಣೋ, ಇನ್ನೂ ಮೊಟ್ಟೆ ಇಡೋಕೆ ಶುರು ಮಾಡಿರಲ್ಲ. ದಿನಾ ಮುಚ್ಚಳ ತೆಗೆದು ಗಾಬರಿಪಡಿಸಿದ್ರೆ ಹುಳಗಳೇ ಅವಳನ್ನ ಕೊಂದುಹಾಕ್ತವೆ. ಎರಡು ವಾರ ಕೈ ಕಟ್ಕೊಂಡು ಕೂತ್ಕೊ!" ಮಂತ್ರಿ ಬಂದು ಕೇಳಿದರೂ ಇದೇ ಉತ್ತರ, ಇದೇ ಬೈಗುಳ. ಈ ವರ್ಷ ಅವನ ಹಿತ್ತಲಿನ ಪೆಟ್ಟಿಗೆಯಲ್ಲೇ ಮೊಟ್ಟೆ ಇಲ್ಲ. ಈಗ ಅವನು ಬೆಳಗಾದರೆ ಮುಚ್ಚಳ ಎತ್ತುತ್ತಾನೆ, ಮಧ್ಯಾಹ್ನ ಇನ್ನೊಮ್ಮೆ. ಎರಿ ಕಟ್ಟಿದ ಒಂದೊಂದೇ ಚೌಕಟ್ಟನ್ನು ಹೊರತೆಗೆದು ಬಿಸಿಲಿಗೆ ಹಿಡಿದು, ಕನ್ನಡಕ ಒರೆಸಿ ಒರೆಸಿ ನೋಡುತ್ತಾನೆ. ಹುಳುಗಳು ಕಡಿಮೆಯಾಗುತ್ತಲೇ ಇವೆ. "ಅಪ್ಪಾ, ರಾಣಿ ಇದ್ರೂ ನೀನೇ ಕೊಲ್ತೀಯ, ಬಿಟ್ಬಿಡು" ಎಂದು ಮಗಳು ಮೊನ್ನೆ ನನ್ನೆದುರೇ ರೇಗಿದಳು. ಅವನು ಚೌಕಟ್ಟು ಕೆಳಗಿಡಲಿಲ್ಲ. "ಗೊತ್ತು ಕಣಮ್ಮ. ಅವತ್ತು ನಿಮ್ಮಮ್ಮ ಮಲಗಿದಾಳೆ, ಎಬ್ಬಿಸೋದು ಬೇಡ ಅಂತ ಮಧ್ಯಾಹ್ನದವರೆಗೂ ಕೋಣೆ ಬಾಗಿಲು ತೆಗೀಲಿಲ್ಲ ನಾನು. ತೆಗೆದಾಗ ತಣ್ಣಗಾಗಿದ್ಲು."