ಸಮ ಮಾಡಲು ಹೊರಬಂದ ಓವಿಲಾ

ಓವಿಲಾ ಲಾರೋಕ್ ನನ್ನ ಅಂಗಡಿಯಲ್ಲಿ ಮಂಜುಗಡ್ಡೆಯ ಮೇಲೆ ಜಾರುವ ಸ್ಕೇಟು ಕೊಂಡಾಗ ಚೌಕಾಸಿ ಮಾಡಲಿಲ್ಲ. ಚೌಕಾಸಿ ಮಾಡದ ಗಿರಾಕಿಯೆಂದರೆ ನನಗೆ ಭಯ. ಒಂದೋ ದುಡ್ಡು ಕದ್ದದ್ದು, ಇಲ್ಲವೇ ಆಸೆ ತಲೆಗೇರಿದ್ದು. ಅವನದು ಆಸೆ.

ಒಂಟಾರಿಯೊದ ಬಡಗಣ ತುದಿಯ ನಮ್ಮ ಟ್ಯಾಮರಾಕ್ ಊರಿನಲ್ಲಿ ಅಲ್ಲಿಯವರೆಗೆ ಹುಡುಗರು ಕೆರೆ ಹೆಪ್ಪುಗಟ್ಟಿದರೆ ಅದರ ಮೇಲೆ ಬಿಟ್ಟಿಯಾಗಿ ಐಸ್ ಹಾಕಿ ಆಡಿ, ಬಿಟ್ಟಿಯಾಗಿಯೇ ಹಲ್ಲು ಕಳೆದುಕೊಳ್ಳುತ್ತಿದ್ದರು. ೧೯೦೮ರಲ್ಲಿ ಬೆಳ್ಳಿಗಣಿಯ ಒಡೆಯ ಹಾರ್ಗ್ರೇವ್ ಸಂಬಳದ ತಂಡ ಕಟ್ಟಿದ. ಏಳರಲ್ಲಿ ಆರು ಮಂದಿ ಟೊರಾಂಟೊದಿಂದ ರೈಲಿನಲ್ಲಿ ಬಂದರು. ಊರವರ ಬಾಯಿ ಮುಚ್ಚಿಸಲು ಓವಿಲಾ ಏಳನೆಯವನಾದ. ತಂಡದವರಿಗೆ ವರ್ಷವಿಡೀ ಗಣಿಯ ಮೇಲುಗಡೆಯೇ ಕೆಲಸ. ಓವಿಲಾನಿಗೆ ಬೇಕಿದ್ದದ್ದು ಅಷ್ಟೇ. ಗಣಿಯೊಳಗೆ ಕುಸಿದ ಬಂಡೆಯಡಿಯಿಂದ ತಮ್ಮನ ಹೆಣವನ್ನು ಎಳೆದು ತಂದವನು ಅವನೇ. ಆಮೇಲೆ ನನ್ನ ಅಂಗಡಿಯ ನೆಲಮಾಳಿಗೆಗೂ ಅವನು ಇಳಿದವನಲ್ಲ.

ಆ ಚಳಿಗಾಲದ ಕೊನೆಯ ಪಂದ್ಯ. ಮುಂದಿನ ವರ್ಷ ತಂಡದಲ್ಲಿ ಯಾರಿರಬೇಕೆಂದು ಹಾರ್ಗ್ರೇವ್ ಅಂದೇ ತೀರ್ಮಾನಿಸುವವನಿದ್ದ.

“ಸಾವ್ಕಾರ್ರೇ, ದೊರೆ ಇವತ್ತು ನನ್ ಮೇಲಿಂದ ಕಣ್ಣು ಕೀಳ್ಬಾರ್ದು, ಹಂಗಾಡ್ತೀನಿ,” ಎಂದ ಓವಿಲಾ.

“ಮೊದ್ಲು ಬಾರು ಕಟ್ಕೋ. ನೀನು ಬಿದ್ರೆ ಸ್ಕೇಟು ಮಾರಿದೋನ ಹೆಸರು ಕೆಡುತ್ತೆ.”

ಹೇಳಿದಂತೆಯೇ ಆಡಿದ. ಮೊದಲ ಗೋಲು ಅವನದೇ. ನನ್ನ ಪಕ್ಕದಲ್ಲಿದ್ದ ಹಾರ್ಗ್ರೇವ್ ಎದ್ದು ಚಪ್ಪಾಳೆ ತಟ್ಟಿದ. ಇನ್ನೊಂದು ಚಪ್ಪಾಳೆಗೆ ಆಸೆಪಟ್ಟು ಓವಿಲಾ ಎದುರಾಳಿಯೊಬ್ಬನನ್ನು ಅಂಗಳದ ಸುತ್ತಲ ಹಲಗೆಗೋಡೆಗೆ ಅಪ್ಪಳಿಸಿದ. ಎದುರಾಳಿಯ ಕಾಲು ಮುರಿಯಿತು; ಹೊತ್ತು ಹೊರಗೊಯ್ದರು. ಜನ ಕುಣಿದರು.

ಆಗ ಬದಲಿ ಆಟಗಾರರೆಂಬುದಿರಲಿಲ್ಲ. ಒಂದು ಕಡೆಯವನು ಪೆಟ್ಟಾಗಿ ಹೋದರೆ, ಸಮ ಮಾಡಲು ಇನ್ನೊಂದು ಕಡೆಯೂ ಒಬ್ಬನನ್ನು ಹೊರಗಿಡುವುದು ಮರ್ಯಾದೆ. ಅದನ್ನು ಓವಿಲಾ ಆ ಕ್ಷಣ ಮರೆತಿದ್ದ. ನಮ್ಮ ತಂಡದ ಕ್ಯಾಪ್ಟನ್ ಮ್ಯಾಕ್‌ಫೇಲ್ ಮರೆತಿರಲಿಲ್ಲ.

“ಲೇ ಓವಿಲಾ, ಹೊರಗ್ ನಡಿ.”

“ನಾನ್ಯಾಕಣ್ಣ? ಗೋಲು ಹೊಡ್ದೋನು ನಾನು!”

“ಮತ್ಯಾರ್ನ ಕೂರಿಸ್ಲಿ? ರೈಲು ಚಾರ್ಜು ಕೊಟ್ಟು ಕರೆಸಿರೋರ್ನಾ? ಅವ್ನ ಕಾಲು ಮುರಿದೋನು ನೀನು, ನೀನೇ ಕೂತ್ಕೋ.”

ಓವಿಲಾ ಬಂದು ನಮ್ಮ ಹಿಂದಿನ ಬೆಂಚಿನಲ್ಲಿ ಕುಳಿತ. ಉಳಿದ ಆರು ಮಂದಿ ಇನ್ನೂ ನಾಲ್ಕು ಗೋಲು ಹೊಡೆದರು.

“ಈ ಆರು ಜನ ಇದ್ರೆ ಸಾಕು ನೋಡಿ,” ಎಂದ ಹಾರ್ಗ್ರೇವ್ ನನಗೆ. “ಏಳನೇವ್ನನ್ನೂ ಟೊರಾಂಟೊದಿಂದ್ಲೇ ತರಿಸ್ತೀನಿ.”

ಹಿಂದೆ ಕುಳಿತವನನ್ನು ಅವನು ನೋಡಿರಲೇ ಇಲ್ಲ. ಓವಿಲಾ ನನ್ನ ತೋಳು ಹಿಡಿದ. “ಸಾವ್ಕಾರ್ರೇ, ಒಂದ್ ಮಾತು ಹೇಳಿ ದೊರೆಗೆ.”

ನನ್ನ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಹಾರ್ಗ್ರೇವನ ಆಳುಗಳು. “ಆಟ ನೋಡು,” ಎಂದೆ.

ತಂಡದಿಂದ ಹೊರಬಿದ್ದವನಿಗೆ ಗಣಿಯ ಮೇಲುಗಡೆಯ ಕೆಲಸವೂ ತಪ್ಪಿತು. ಸೋಮವಾರ ಅವನನ್ನು ಇಬ್ಬರು ಗಣಿಯಾಳುಗಳು ತೋಳು ಹಿಡಿದು ಗಣಿಗಿಳಿಯುವ ಪಂಜರಕ್ಕೆ ಹತ್ತಿಸಿದರು. ಅವನು ಕಣ್ಣು ಮುಚ್ಚಿಕೊಂಡೇ ಇದ್ದ. ಪಂಜರ ಇಳಿಯಿತು.