ಮಹಡಿಯ ಮೇಲಿನ ಕೆಂಪು ಸೀರೆ

ಯಲಹಂಕದ ವಾಯುನೆಲೆಯಿಂದ ವಿಮಾನ ಎದ್ದರೆ ಕೊಡಿಗೇಹಳ್ಳಿಯ ನಮ್ಮ ಮನೆಯಲ್ಲಿ ಮಾತು ನಿಲ್ಲುತ್ತದೆ. ಸದ್ದು ದಾಟಿದ ಮೇಲೆ ಬಿಟ್ಟ ಪದದಿಂದಲೇ ಮತ್ತೆ ಶುರು. ಚಿಕ್ಕಂದಿನಿಂದ ಹಾಗೇ. ಅಕ್ಕನಿಗೆ ಚಿಕಿತ್ಸೆ ಕೊಡುತ್ತಿದ್ದ ಹೆಬ್ಬಾಳದ ಆಸ್ಪತ್ರೆಯವರು, ಇನ್ನು ಔಷಧಿ ಬೇಡ, ಮನೆಗೆ ಕರೆದುಕೊಂಡು ಹೋಗಿ ಎಂದಿದ್ದನ್ನು ಅವಳಿಗೆ ಹೇಳಲು ಬಾಯಿ ತೆರೆದಾಗಲೂ ಒಂದು ವಿಮಾನ ಹೋಯಿತು. ಸದ್ದು ಅಡಗಿದರೂ ನನಗೆ ಮಾತು ಹೊರಡಲಿಲ್ಲ.

“ಗೊತ್ತಾಯ್ತು ಬಿಡೇ,” ಅಂದಳು ಅಕ್ಕ. “ಅಳ್ಬೇಡ. ಹೋಗು, ಟೀ ಇಡು.”

ಅವಳ ಮನೆ ಬೀದರಿನಲ್ಲಿ. ಯಲಹಂಕದ ನೆಲೆಯಲ್ಲಿ ಸ್ಟೋರ್ ಕೆಲಸಕ್ಕಿದ್ದ ಭಾವನಿಗೆ ಅಲ್ಲಿನ ವಾಯುನೆಲೆಗೆ ವರ್ಗವಾಗಿತ್ತು. ಕಾಂಪೌಂಡಿನಾಚೆಯೇ ಮನೆ ಮಾಡಿದ್ದರು. ಯುದ್ಧವಿಮಾನಗಳ ಆ ರನ್‌ವೇ ಮೇಲೆಯೇ ಬೆಂಗಳೂರಿನ ಪುಟ್ಟ ವಿಮಾನವೂ ಇಳಿಯುತ್ತದೆ. ಒಂದು ಮೂಲೆಯಲ್ಲಿ ಮದುವೆ ಛತ್ರದಷ್ಟು ಕಟ್ಟಡ, ಅದೇ ನಿಲ್ದಾಣ. ರೈಲಿನಲ್ಲಿ ಅಷ್ಟು ಹೊತ್ತು ಅಕ್ಕ ಕೂರಲಾರಳು, ವಿಮಾನವೇ ಸರಿ ಎಂದೆವು. ಅವಳು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಹೆದರಿಕೆಯಾಗತ್ತೆ ಅಂದಳು. ವಿಮಾನದ ಹೆದರಿಕೆಯಲ್ಲ ಅದು. ಇಲ್ಲಿಂದ ಹೊರಟರೆ ವಾಸಿಯಾಗುವ ಆಸೆಯೂ ಮುಗಿಯಿತಲ್ಲ.

ಭಾವ ಫೋನಿನಲ್ಲಿ ಪುಸಲಾಯಿಸಿದರು. “ಇಳಿಯೋವಾಗ ಕಿಟಕೀಲಿ ನೋಡ್ತಿರು, ನಮ್ಮನೇನೇ ಕಾಣತ್ತೆ. ನಿನ್ ಕೆಂಪು ಸೀರೆ ಹಿಡ್ಕೊಂಡು ಮಹಡಿ ಮೇಲೆ ನಿಂತಿರ್ತೀನಿ.”

“ಥೂ, ಅಕ್ಕಪಕ್ಕದವರು ನಗ್ತಾರೆ,” ಅಂದಳು. ಸಂಜೆ ತಾನೇ ಕರೆದು ಬ್ಯಾಗು ತುಂಬಿಸು ಎಂದಳು.

ವಿಮಾನದಲ್ಲಿ ಕಿಟಕಿಗೆ ಹಣೆ ಒತ್ತಿಕೊಂಡೇ ಕೂತಿದ್ದಳು. ಇಳಿಯಲು ಇನ್ನೇನು ಸ್ವಲ್ಪವಿದೆ ಎನ್ನುವಾಗ ಮೈಕಿನಲ್ಲಿ ಹೇಳಿದರು: ಇದು ವಾಯುಪಡೆಯ ನೆಲೆ, ಎಲ್ಲರೂ ಕಿಟಕಿ ಮುಚ್ಚಿ, ಫೋಟೊ ತೆಗೆಯಬೇಡಿ. ಅಕ್ಕ ತನಗಲ್ಲ ಎನ್ನುವಂತೆ ಕೂತಿದ್ದಳು. ಗಗನಸಖಿ ಬಂದು ಬಗ್ಗಿ ಪರದೆ ಎಳೆದೇಬಿಟ್ಟಳು.

ನನಗೆ ಮೈಯೆಲ್ಲ ಉರಿಯಿತು. “ನೋಡಮ್ಮಾ, ಇವರಿಗೆ ಹುಷಾರಿಲ್ಲ. ಮನೆ ನೋಡ್ಬೇಕು ಅಷ್ಟೇ. ಒಂದೇ ಒಂದು ನಿಮಿಷ.”

“ಸಾರಿ ಮೇಡಮ್, ರೂಲ್ಸು. ನನ್ ಕೈಲಿಲ್ಲ.” ಪಾಪ, ಅವಳ ಮುಖವೂ ಸಪ್ಪಗಾಗಿತ್ತು. ಆದರೂ ಆ ಕ್ಷಣಕ್ಕೆ ಅವಳನ್ನು ಬಾಯಿಗೆ ಬಂದಂತೆ ಬಯ್ಯಬೇಕೆನಿಸಿತು.

“ಸುಮ್ನಿರೇ,” ಅಕ್ಕ ನನ್ನ ಕೈ ಅದುಮಿದಳು. ಮುಚ್ಚಿದ ಪರದೆಯ ಕಡೆಗೇ ನೋಡುತ್ತಿದ್ದಳು. ಚಕ್ರ ನೆಲಕ್ಕೆ ತಾಗಿತು. “ನಿಮ್ ಭಾವಂಗೆ ನೋಡ್ದೆ ಅಂತೀನಿ. ನೀನು ಬಾಯಿ ಬಿಟ್ಟೀಯ, ಜೋಕೆ.”

ಗಾಲಿಕುರ್ಚಿ ಸಿಕ್ಕಿ ನಾವು ಹೊರಗೆ ಬರುವಷ್ಟರಲ್ಲಿ ಭಾವ ಬೆವರಿಕೊಂಡು ಬಂದರು. ಅಂಗಿಯ ಎದೆಗೆಲ್ಲ ಮಹಡಿ ಗೋಡೆಯ ಸುಣ್ಣ.

“ಕಂಡ್ನೇನೇ?”

“ಕಾಣ್ದೆ ಏನ್ರೀ! ಕೆಂಪಗೆ ಎದ್ದು ಕಾಣ್ತಿತ್ತು. ಯಾಕ್ರೀ ಅಷ್ಟು ಜೋರಾಗಿ ಬೀಸ್ತಿದ್ರಿ, ಹರಿದ್ರೆ?”

“ಹರಿದ್ರೆ ಇನ್ನೊಂದು ಕೊಡಿಸ್ತೀನಿ ಬಿಡು,” ಅಂದವರೇ ಬ್ಯಾಗು ಎತ್ತಿಕೊಂಡು ಆ ಕಡೆ ತಿರುಗಿದರು. ನಾನು ಬಾಯಿ ಬಿಡಲಿಲ್ಲ. ಆಮೇಲೆ ಮನೆಗೆ ಯಾರೇ ಬಂದರೂ ಅಕ್ಕ ಅದನ್ನೇ ಹೇಳುತ್ತಿದ್ದಳು: ಸೀರೆ ಹೇಗೆ ಹಾರುತ್ತಿತ್ತು, ಇವರು ಮೇಲಿನಿಂದ ಎಷ್ಟು ಚಿಕ್ಕದಾಗಿ ಕಂಡರು ಎಂದು. ಭಾವ ಪಕ್ಕದಲ್ಲೇ ಕೂತು ಹೂಂ, ಹೂಂ ಎನ್ನುತ್ತಿದ್ದರು. ಕೇಳಿ ಕೇಳಿ ನನಗೇ ನಿಜವಿರಬಹುದೇನೋ ಅನಿಸತೊಡಗಿತ್ತು.

ಆ ತಿಂಗಳು ಕಳೆಯುವ ಮೊದಲೇ ಅಕ್ಕ ಹೋದಳು. ಮುತ್ತೈದೆಗೆ ಹೊಸ ಸೀರೆ ಹೊದಿಸಬೇಕೆಂದು ನೆರೆಯ ಹೆಂಗಸರು ಅಂಗಡಿಗೆ ಹೊರಟರು. ಬೇಡ ಎಂದ ಭಾವ ಒಳಗಿನಿಂದ ಆ ಕೆಂಪು ಸೀರೆಯನ್ನೇ ತಂದರು. ಅದರ ಅಂಚಿಗೆ ಸುಣ್ಣ ಹಾಗೇ ಅಂಟಿಕೊಂಡಿತ್ತು. ಅವಳ ಮೇಲೆ ಹೊದಿಸಿ, ಸುಕ್ಕು ಸರಿಮಾಡಿ, ಕಿವಿಯ ಹತ್ತಿರ ಬಗ್ಗಿದರು. ಪಕ್ಕದಲ್ಲಿದ್ದ ನನಗೆ ಕೇಳಿಸಿತು.

“ಕಿಟಕಿ ಮುಚ್ಚಿಸ್ತಾರೆ ಅಂತ ನಂಗೆ ಮೊದ್ಲೇ ಗೊತ್ತಿತ್ತು ಕಣೇ. ನೀನು ಮನೆಗೆ ಬಂದ್ರೆ ಸಾಕು ಅಂತ ಸುಳ್ಳು ಹೇಳ್ದೆ. ಈಗ ನೋಡೇ. ಒಂದ್ಸಲ ಕಣ್ ಬಿಟ್ಟು ನೋಡೇ.”